ಕಾಳಿಗೆ ಹರಳೆಣ್ಣೆ, ಗೋಣಿಚೀಲಕ್ಕೆ ಬೇವು

ನಮ್ಮ ಹೊಣಕೆರೆ ಹೋಬಳಿಯಲ್ಲಿ ರಾಗಿಗೆ ಹುಳ ಬಿತ್ತೆಂದು ತಲೆ ಕೆಡಿಸಿಕೊಂಡವರನ್ನು ನಾನು ಕಂಡಿಲ್ಲ. ಕಣದಲ್ಲಿ ತೂರಿ, ಒಣಗಿಸಿ, ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ಈಗ ಹಗೇವು ಹೋಗಿ ಚೀಲ, ಡ್ರಮ್ಮು ಬಂದಿವೆ, ಆದರೂ ರಾಗಿಗೆ ಏನೂ ಆಗುವುದಿಲ್ಲ. ಕಾರಣ ಸರಳ. ಅಕ್ಕಿ, ಜೋಳ, ಗೋಧಿಯನ್ನು ಕೊರೆಯುವ ಸೊಂಡಿಲು ಹುಳು ಕಾಳಿನೊಳಗೇ ಮೊಟ್ಟೆ ಇಡುತ್ತದೆ. ಮರಿ ಆ ಒಂದೇ ಕಾಳನ್ನು ತಿಂದುಕೊಂಡು, ಅದರೊಳಗೇ ಬೆಳೆದು, ರೆಕ್ಕೆ ಬಲಿತ ಮೇಲೆ ಹೊರಗೆ ಬರಬೇಕು. ರಾಗಿಕಾಳಿನಲ್ಲಿ ಅದಕ್ಕೆ ಮೈ ಚಾಚಲು ಜಾಗವೆಲ್ಲಿದೆ? ಹಿಟ್ಟು ಬೀಸಿಸಿಟ್ಟರೆ ಮಾತ್ರ ಕೆಂಪು ದುಂಬಿ ಹುಡುಕಿಕೊಂಡು ಬರುತ್ತದೆ. ಅದು ಹಿಟ್ಟಿನ ಗಿರಾಕಿ.

ತೊಂದರೆ ಇರುವುದು ರಾಗಿಯ ಜೊತೆಗೇ ಬರುವ ಕಾಳುಗಳಿಗೆ. ಮಂಡ್ಯ ಜಿಲ್ಲೆ ಅಂದ ಕೂಡಲೇ ಹೊರಗಿನವರ ಕಣ್ಣಿಗೆ ಭತ್ತ, ಕಬ್ಬು, ವಿಶ್ವೇಶ್ವರಯ್ಯ ನಾಲೆ ಬರುತ್ತದೆ. ಅದು ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಮಾತು. ನಾಗಮಂಗಲದ ನಾವು, ಹೇಮಾವತಿ ನಾಲೆ ಮುಟ್ಟಿದ ಊರುಗಳನ್ನು ಬಿಟ್ಟರೆ, ಮಳೆ ನೋಡಿಕೊಂಡು ಬಿತ್ತುವವರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು. ಪಕ್ಕದ ಬರಡು ತುಂಡಿನಲ್ಲಿ ಹುರಳಿ. ವರ್ಷವಿಡೀ ಮುದ್ದೆಗೆ ಸಾರು ಆಗುವುದು ಈ ಕಾಳುಗಳಿಂದಲೇ. ಸಂಕ್ರಾಂತಿ ಕಳೆದು ಕಾಳು ಮನೆ ಸೇರುತ್ತದೆ. ಮುಂದಿನ ಬಿತ್ತನೆ ಆಷಾಢಕ್ಕೆ. ನಡುವಿನ ಆರು ತಿಂಗಳು ಹುಳದ ಕಾಲ.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹುಳ ಬಿದ್ದ ಅವರೆಕಾಳನ್ನು ಕಂಡರೆ ಹೆಂಗಸರು ಮೊರಕ್ಕೆ ಸುರಿದು ಕೇರುತ್ತಾರೆ, ನಾನು ಮೊದಲು ಭೂತಗನ್ನಡಿ ಹುಡುಕುತ್ತೇನೆ. ಕಾಳಿನ ಸಿಪ್ಪೆಯ ಮೇಲೆ ಗಸಗಸೆಗಿಂತಲೂ ಚಿಕ್ಕ ಬಿಳಿ ಚುಕ್ಕೆ ಅಂಟಿಕೊಂಡಿರುತ್ತದೆ. ಉಜ್ಜಿದರೂ ಸುಲಭಕ್ಕೆ ಬಿಡುವುದಿಲ್ಲ. ಅದು ಮೊಟ್ಟೆ. ಹೊಸದಾಗಿ ಇಟ್ಟಾಗ ಗಾಜಿನಂತೆ ಪಾರದರ್ಶಕ. ಮರಿ ಹೊರಟ ಮೇಲೆ ಬೆಳ್ಳಗಾಗುತ್ತದೆ. ಮರಿ ಹೊರಗಿನ ಗಾಳಿಗೆ ಮುಖ ತೋರಿಸುವುದೇ ಇಲ್ಲ. ಮೊಟ್ಟೆಯ ತಳ ಕೊರೆದು ನೇರವಾಗಿ ಕಾಳಿನೊಳಗೆ ಇಳಿಯುತ್ತದೆ, ಕೊರೆದ ಪುಡಿ ಖಾಲಿ ಚಿಪ್ಪಿನಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಮೂರು ನಾಲ್ಕು ವಾರ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕೊನೆಗೆ ಸಿಪ್ಪೆಯ ಮೇಲೆ ದುಂಡಗಿನ ಮಬ್ಬು ಕಿಟಕಿಯೊಂದು ಕಾಣುತ್ತದೆ, ಅದನ್ನು ತಳ್ಳಿಕೊಂಡು ಕಂದು ಬಣ್ಣದ ದುಂಬಿ ಹೊರಬರುತ್ತದೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳುವ ಕಳ್ಳ ಅದು. ಬೆಳೆದ ದುಂಬಿ ಕಾಳನ್ನು ತಿನ್ನುವುದಿಲ್ಲ. ಹತ್ತು ಹನ್ನೆರಡು ದಿನದ ಆಯುಸ್ಸಿನಲ್ಲಿ ಜೊತೆಗೂಡಿ ಮೊಟ್ಟೆ ಇಡುವುದೊಂದೇ ಅದರ ಕೆಲಸ.

ಒಂದು ಹೆಣ್ಣು ಎಂಬತ್ತು ಮೊಟ್ಟೆ ಇಟ್ಟಿತು ಅನ್ನಿ. ಅದರಲ್ಲಿ ಅರ್ಧ ಹೆಣ್ಣು. ಎಲ್ಲವೂ ಬದುಕಿದರೆ ಎರಡನೇ ತಲೆಮಾರಿಗೆ 3,200, ಮೂರನೆಯದಕ್ಕೆ 1,28,000. ಮೂರು ತಿಂಗಳಷ್ಟೆ. ನಿಜದಲ್ಲಿ ಎಲ್ಲವೂ ಬದುಕುವುದಿಲ್ಲ, ಆದರೆ ಯುಗಾದಿಗೆ ಚೆನ್ನಾಗಿದ್ದ ಚೀಲ ಆಷಾಢಕ್ಕೆ ಬರೀ ತೂತುಕಾಳಾಗುವುದು ಹೇಗೆಂದು ಮಕ್ಕಳಿಗೆ ಈ ಲೆಕ್ಕದಲ್ಲಿ ಅರ್ಥವಾಗುತ್ತಿತ್ತು. ಇನ್ನೊಂದು ಮಾತು. ಹುಳ ಮನೆಯಲ್ಲಿ ಹುಟ್ಟುವುದಲ್ಲ, ಬಹಳ ಸಲ ಹೊಲದಿಂದಲೇ ಬರುತ್ತದೆ. ಕಾಯಿ ಒಣಗುತ್ತಿರುವಾಗಲೇ ದುಂಬಿ ಹಾರಿಬಂದು ಮೊಟ್ಟೆ ಇಟ್ಟಿರುತ್ತದೆ. ಚೀಲದ ಬಾಯಿ ಬಿಗಿಯಾಗಿ ಕಟ್ಟಿದರೂ ಕಳ್ಳ ಒಳಗೇ ಇರುತ್ತಾನೆ.

ನಮ್ಮ ಅತ್ತೆಗೆ ಈ ಲೆಕ್ಕ ಯಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಹರಳೆಣ್ಣೆ. ಅಕ್ಕಡಿಯಲ್ಲಿ ಬೆಳೆದ ಹರಳನ್ನೇ ಬಿಸಿಲಿಗೆ ಹರಡುತ್ತಿದ್ದರು, ಕಾಯಿ ಪಟಪಟ ಸಿಡಿದು ಬೀಜ ಅಂಗಳದ ಮೂಲೆವರೆಗೂ ಹಾರುತ್ತಿತ್ತು. ಬೀಜವನ್ನು ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿ, ಹಿತ್ತಿಲ ಒಲೆಯ ಮೇಲೆ ದೊಡ್ಡ ಮಡಕೆಯಲ್ಲಿ ನೀರು ಹಾಕಿ ಕುದಿಸುತ್ತಿದ್ದರು. ಕುದಿಯುತ್ತ ಕುದಿಯುತ್ತ ಎಣ್ಣೆ ಮೇಲೆ ತೇಲಿ ನೊರೆಯ ನಡುವೆ ಹೊಳೆಯುತ್ತದೆ. ಅದನ್ನು ಸೌಟಿನಿಂದ ತೆಳ್ಳಗೆ ತೆಗೆದು ಬೇರೆ ಪಾತ್ರೆಗೆ ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ, ಅಂದರೆ ನೀರಿನಂಶ ಪೂರಾ ಹೋಗುವವರೆಗೆ, ಮತ್ತೆ ಕಾಸಬೇಕು. ಆ ದಿನ ಮನೆಯೆಲ್ಲ ಹರಳಿನ ಗಾಟು. ಹರಳಿನ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ಕಾವಿಗೆ ಕೆಡುತ್ತದೆ. ಹಾಗಾಗಿ ಎಣ್ಣೆಗೆ ಭಯವಿಲ್ಲ. ಹಿಂಡಿಯನ್ನು ದನದ ಬಾಯಿಗೆ ಸಿಗದಂತೆ ತಿಪ್ಪೆಗೆ ಹಾಕಿಸುತ್ತಿದ್ದರು ಅತ್ತೆ.

ಅವರೆ, ತೊಗರಿ, ಅಲಸಂದೆಗಳನ್ನು ಎರಡು ಮೂರು ಬಿಸಿಲು ಕಾಯಿಸಿ, ನೆರಳಿಗೆ ತಂದು ಆರಿಸಿ, ಅಂಗೈಗೆ ಎಣ್ಣೆ ಹಚ್ಚಿಕೊಂಡು ಕಾಳಿನಲ್ಲಿ ಕೈಯಾಡಿಸುತ್ತಿದ್ದರು.

"ಕಾಳು ಮಿರಮಿರ ಅನ್ಬೇಕು ಕಣವ್ವ, ಎಣ್ಣೆ ಸೋರ್ಬಾರ್ದು."

ಈ ಹದವನ್ನು ಅಳತೆಗೆ ಹಿಡಿದರೆ ಕೆ.ಜಿ. ಕಾಳಿಗೆ ಐದು ಮಿಲಿಲೀಟರ್, ಒಂದು ಟೀ ಚಮಚ. ಐವತ್ತು ಕೆ.ಜಿ. ಚೀಲಕ್ಕೆ ಕಾಲು ಲೀಟರ್. ಕೃಷಿ ವಿಜ್ಞಾನಿಗಳು ಬೇಳೆಕಾಳಿಗೆ ಅಡುಗೆ ಎಣ್ಣೆಯನ್ನೋ ಬೇವಿನ ಎಣ್ಣೆಯನ್ನೋ ಹೇಳುವಾಗಲೂ ಹೆಚ್ಚುಕಡಿಮೆ ಇದೇ ಪ್ರಮಾಣ. ಎಣ್ಣೆ ಮಾಡುವ ಕೆಲಸ ಎರಡು. ನುಣುಪಾದ ಸಿಪ್ಪೆಯ ಮೇಲೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ. ಅಂಟಿದ ಮೊಟ್ಟೆಗೆ ಎಣ್ಣೆಯ ತೆಳು ಪದರ ಉಸಿರು ಕಟ್ಟಿಸುತ್ತದೆ. ಎಣ್ಣೆ ಹೊಡೆಯುವುದು ಮೊಟ್ಟೆಗೆ ಮತ್ತು ಆಗಷ್ಟೇ ಒಡೆದ ಮರಿಗೆ. ಕಾಳಿನೊಳಗೆ ಆಗಲೇ ಹೊಕ್ಕ ಮರಿಯ ಹತ್ತಿರಕ್ಕೆ ಅದು ಹೋಗುವುದಿಲ್ಲ. ಅದಕ್ಕೇ ಕಾಳು ಕಣದಿಂದ ಬಂದ ವಾರದೊಳಗೇ ಎಣ್ಣೆ ಸವರಬೇಕು. ಹುಳ ಹಾರಾಡುವುದು ಕಂಡ ಮೇಲೆ ಸವರಿದರೆ ಅರ್ಧ ಫಲ. ತೊಗರಿಯನ್ನು ನಮ್ಮ ಕಡೆ ಕೆಮ್ಮಣ್ಣು ಕಟ್ಟಿ ಒಣಗಿಸಿ, ಬೇಗ ಬೇಳೆ ಒಡೆಸಿಬಿಡುವುದರಲ್ಲೂ ಬುದ್ಧಿಯಿದೆ: ಈ ದುಂಬಿಗೆ ಇಡೀ ಕಾಳೇ ಬೇಕು, ಒಡೆದ ಬೇಳೆ ಅದಕ್ಕೆ ಒಗ್ಗುವುದಿಲ್ಲ.

ಇನ್ನು ಸೊಪ್ಪಿನ ವಿಚಾರ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಹೊಂಗೆ ಸೊಪ್ಪು ಎಲ್ಲವನ್ನೂ ಕಾಳಿನ ನಡುವೆ ಇಡುವವರಿದ್ದಾರೆ. ನಮ್ಮ ಬೀದಿಯ ಹೆಂಗಸೊಬ್ಬಳು ಹುರಳಿಯ ಮೊರ ಹಿಡಿದು ಬಂದು ಕೇಳಿದ್ದಳು:

"ಟೀಚರಮ್ಮ, ಒಂದು ಹೊರೆ ಬೇವಿನ ಸೊಪ್ಪು ಹಾಕಿದ್ನಲ್ಲ, ಆದ್ರೂವೆ ಹುಳ ಬಿತ್ತಲ್ಲ?"

"ಸೊಪ್ಪು ಒಣಗಿತ್ತೇನಮ್ಮ?"

"ಹಸಿರ್ದೇ ಹಾಕ್ದೆ. ಒಣಗಿದ್ರೆ ಕಹಿ ಹೋಯ್ತದಲ್ಲ."

ಕಹಿ ಹೋಗುವುದಿಲ್ಲ, ಹಸಿ ಸೊಪ್ಪಿನ ನೀರು ಕಾಳಿಗೆ ಇಳಿಯುತ್ತದೆ, ತೇವ ಏರಿದ ಕಾಳು ಹುಳಕ್ಕೆ ಇನ್ನಷ್ಟು ಮೆತ್ತಗಾಗುತ್ತದೆ, ಮುಗ್ಗಲೂ ಹಿಡಿಯುತ್ತದೆ. ನೆರಳಲ್ಲಿ ಒಣಗಿಸಿದ ಸೊಪ್ಪಾದರೆ ವಾಸಿ. ಆದರೆ ಅದರ ಮೇಲೂ ನನಗೆ ಹೆಚ್ಚು ನಂಬಿಕೆಯಿಲ್ಲ. ಶಾಲೆಯಲ್ಲಿ ಮಕ್ಕಳ ಕೈಲಿ ಹಾರ್ಲಿಕ್ಸ್ ಬಾಟಲಿಗಳಲ್ಲಿ ಅಲಸಂದೆ ತುಂಬಿಸಿ, ಒಂದಕ್ಕೆ ಏನೂ ಹಾಕದೆ, ಉಳಿದವಕ್ಕೆ ಬೇವಿನೆಲೆ, ಲಕ್ಕಿ ಎಲೆ, ಒಲೆ ಬೂದಿ, ಹರಳೆಣ್ಣೆ ಒಂದೊಂದಾಗಿ ಹಾಕಿಸಿ, ಪ್ರತಿಯೊಂದರಲ್ಲೂ ಒಂದಷ್ಟು ದುಂಬಿ ಬಿಡಿಸುತ್ತಿದ್ದೆ. ಎರಡು ತಿಂಗಳ ಹೊತ್ತಿಗೆ ಎಣ್ಣೆ ಬಾಟಲಿ ಮತ್ತು ಬೂದಿ ಬಾಟಲಿ ಗೆಲ್ಲುತ್ತಿದ್ದವು. ಬೂದಿ ದುಂಬಿಯ ಮೈಮೇಲಿನ ಮೇಣವನ್ನು ತರಚಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಲಕ್ಕಿ ಎಲೆಯ ಬಾಟಲಿ ಸುಮಾರು. ಇಡೀ ಬೇವಿನೆಲೆ ಹಾಕಿದ್ದಕ್ಕೂ ಏನೂ ಹಾಕದ್ದಕ್ಕೂ ಮಕ್ಕಳಿಗೆ ದೊಡ್ಡ ವ್ಯತ್ಯಾಸ ಕಾಣುತ್ತಿರಲಿಲ್ಲ.

ಹಾಗಾದರೆ ಬೇವು ಸುಳ್ಳೇ? ಅಲ್ಲ. ಬೇವಿನ ಬಲ ಎಲೆಗಿಂತ ಬೀಜದಲ್ಲಿದೆ, ಅದೂ ತಿರುಳಿನಲ್ಲಿ. 1962ರಲ್ಲಿ ದೆಹಲಿಗೆ ಮಿಡತೆ ದಂಡು ಬಂದಾಗ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ತಮ್ಮ ಹೊಲಕ್ಕೆ ಬೇವಿನ ಬೀಜದ ನೀರನ್ನು ಸಿಂಪಡಿಸಿದರು. ಮಿಡತೆಗಳು ಬಂದು ಕೂತವು, ತಿನ್ನಲಿಲ್ಲ. 1965ರಲ್ಲಿ ಜೋತ್ವಾನಿ ಮತ್ತು ಸರ್ಕಾರ್ ನೂರು ಪಾಲು ಗೋಧಿಗೆ ಒಂದೆರಡು ಪಾಲು ಬೇವಿನ ಬೀಜದ ಪುಡಿ ಬೆರೆಸಿ ತಿಂಗಳುಗಟ್ಟಲೆ ಸೊಂಡಿಲು ಹುಳುವನ್ನು ದೂರ ಇಟ್ಟು ತೋರಿಸಿದರು. ಇದರ ಹಿಂದಿರುವ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ 1968ರಲ್ಲಿ ಬೇರ್ಪಡಿಸಿದರು. ಅದರ ಅಣು ಎಷ್ಟು ತೊಡಕಿನದೆಂದರೆ, ಕೇಂಬ್ರಿಡ್ಜಿನ ಸ್ಟೀವನ್ ಲೇ ಅವರ ತಂಡ ಪ್ರಯೋಗಾಲಯದಲ್ಲಿ ಅದನ್ನು ಕಟ್ಟಿ ಮುಗಿಸುವ ಹೊತ್ತಿಗೆ 22 ವರ್ಷ ಹಿಡಿದು 2007 ಆಗಿತ್ತು. ನಮ್ಮೂರ ದೇವಸ್ಥಾನದ ಮುಂದಿನ ಮರ ಅದನ್ನು ವರ್ಷಾವರ್ಷ ನೆಲಕ್ಕೆ ಉದುರಿಸುತ್ತದೆ, ಯಾರೂ ಹೆಕ್ಕುವುದಿಲ್ಲ.

ಅಂಗಡಿ ಔಷಧ ಬಳಸಿ ರೂಢಿಯಾದವರಿಗೆ ಬೇವು ಬೇಸರ ತರಿಸುತ್ತದೆ. ಹಾಕಿದ ಮರುದಿನ ಹುಳ ಸತ್ತು ಬಿದ್ದಿರುವುದಿಲ್ಲ. ಅಜಾಡಿರಾಕ್ಟಿನ್ ಹುಳದ ಬಾಯಿ ಕಟ್ಟಿಸುತ್ತದೆ, ಮರಿ ಪೊರೆ ಕಳಚಿ ದೊಡ್ಡದಾಗುವ ಕ್ರಮವನ್ನೇ ಕೆಡಿಸುತ್ತದೆ. ಅಂದರೆ ಇರುವ ದುಂಬಿ ಓಡಾಡಿಕೊಂಡೇ ಇರಬಹುದು. ಅದರ ಮಕ್ಕಳು ಬೆಳೆಯುವುದಿಲ್ಲ. ಬಿಸಿಲಿಗೆ ಈ ಗುಣ ಬೇಗ ಹಾಳಾಗುತ್ತದೆ, ಹೊಲದಲ್ಲಿ ಸಿಂಪಡಿಸಿದ್ದು ಕೆಲವೇ ದಿನಕ್ಕೆ ನಿಸ್ಸಾರ. ಕತ್ತಲೆ ಉಗ್ರಾಣದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ನನ್ನನ್ನು ಕೇಳಿದರೆ ಬೇವಿಗೆ ಹೊಲಕ್ಕಿಂತ ಚೀಲವೇ ಸರಿಯಾದ ಜಾಗ.

ಕಾಳಿಗೇ ಬೆರೆಸಿದರೆ ಕಹಿ, ಅದು ಬಿತ್ತನೆ ಬೀಜಕ್ಕೆ ಆದೀತು, ಸಾರಿಗೆ ಆಗದು. ತಿನ್ನುವ ಕಾಳಿಗೆ ಬೇರೆ ದಾರಿ ಇದೆ: ಔಷಧವನ್ನು ಚೀಲಕ್ಕೆ ಕುಡಿಸುವುದು. ಬೇವಿನ ಬೀಜದ ತಿರುಳು ನೂರು ಗ್ರಾಂ ಜಜ್ಜಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿಡಿ. ಬೆಳಿಗ್ಗೆ ಗಂಟನ್ನು ಹಿಂಡಿ ಹಿಂಡಿ ಹಾಲಿನಂಥ ನೀರು ಬರುವುದು ನಿಲ್ಲುವವರೆಗೆ ತೆಗೆಯಿರಿ. ಖಾಲಿ ಗೋಣಿಚೀಲವನ್ನು ಅದರಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಗರಿಗರಿ ಒಣಗಿಸಿ, ಆಮೇಲೆ ಕಾಳು ತುಂಬಿ. ಹಳೇ ಚೀಲದ ಹೊಲಿಗೆಯಲ್ಲಿ ಹೋದ ವರ್ಷದ ಹುಳ ಅಡಗಿರುತ್ತದೆ, ಹೊಸ ಹುಳ ಚೀಲದ ನೇಯ್ಗೆಯ ಸಂದಿಯಿಂದಲೇ ನುಗ್ಗುತ್ತದೆ. ಎರಡಕ್ಕೂ ಇದು ತಡೆ.

ಹೊಂಗೆ ಎಣ್ಣೆಯೂ ಹುಳಕ್ಕೆ ಆಗದು, ಆದರೆ ಅದು ಬಿತ್ತನೆ ಬೀಜಕ್ಕಷ್ಟೇ ಇರಲಿ. ಬಜೆ ಬೇರಿನ ಮಾತೂ ಹಾಗೇ. ಪಕ್ಕದ ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಬಜೆ ಬೆಳೆಯುತ್ತಾರೆ, ಅದರ ಪುಡಿ ದುಂಬಿಗೆ ಬಲವಾದ ಮದ್ದು. ಆದರೆ ಅದರಲ್ಲಿರುವ ಬೀಟಾ-ಅಸರೋನ್ ಇಲಿಗಳಲ್ಲಿ ಕ್ಯಾನ್ಸರ್ ತಂದಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಸೇರಿಸಬಾರದೆಂದಿತು. ಗಿಡದಿಂದ ಬಂದದ್ದೆಲ್ಲ ನಿರಪಾಯ ಅನ್ನುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಮೈಸೂರಿನಿಂದ ಬಂದ ಸಂಶೋಧನೆ. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಮೊದಲಿನಿಂದಲೂ ಉಗ್ರಾಣದ ಹುಳದ ಬೆನ್ನು ಹತ್ತಿದ ಜಾಗ. ಅಲ್ಲಿನ ವೈ. ರಾಜಶೇಖರ್, ಟಿ. ಶಿವಾನಂದಪ್ಪ ಮತ್ತು ಸಂಗಡಿಗರು ಕೈಹಾಕಿದ್ದು ಮಾಗಳಿ ಬೇರಿಗೆ. ಹೌದು, ಮಜ್ಜಿಗೆಯಲ್ಲಿ ಹಾಕಿ ಉಪ್ಪಿನಕಾಯಿ ಮಾಡುವ ಅದೇ ಮಾಗಳಿ ಬೇರು. ಅದರ ಸಾರ ಸವರಿದ ಕಡೆ ಸೊಂಡಿಲು ಹುಳು, ದುಂಬಿ ಓಡಾಡಿದರೆ ಸಾಯುತ್ತಿದ್ದವು. ಗೋಧಿ, ಹೆಸರುಕಾಳಿಗೆ ಹಾಕಿದಾಗ ಮುಂದಿನ ತಲೆಮಾರಿನ ಹುಳ ಕಡಿಮೆಯಾಯಿತು, ಕಾಳಿನ ಮೊಳಕೆಗೆ ಏನೂ ಆಗಲಿಲ್ಲ. ಇದು 2010ರಲ್ಲಿ ಪ್ರಕಟವಾದ ಫಲಿತಾಂಶ.

ಸ್ವಾರಸ್ಯ ಬಂದದ್ದು 2012ರಲ್ಲಿ. ರಾಜಶೇಖರ್, ಎಲ್. ಜಗನ್ಮೋಹನ ರಾವ್, ಶಿವಾನಂದಪ್ಪ ಆ ಬೇರಿನಿಂದ ಬೇರ್ಪಡಿಸಿದ ವಸ್ತುವಿಗೆ ಡೆಕಾಲಿಸೈಡ್ ಎಂದು ಹೆಸರಿಟ್ಟರು. ನೋಡಿದರೆ ಅದೊಂದು ಸಕ್ಕರೆ, ಮೂರು ಸಕ್ಕರೆ ಅಣುಗಳು ಸೇರಿದ ಸರಪಳಿ. ಹುಳಗಳು ರುಚಿ ನೋಡುವುದು ಬಾಯಿಂದ ಮಾತ್ರವಲ್ಲ, ಪಾದದಿಂದ ಕೂಡ. ಈ ಸಕ್ಕರೆಯ ಮೇಲೆ ಕಾಲಿಟ್ಟ ಹುಳದ ಪಾದದ ರುಚಿಗ್ರಂಥಿಯ ಮೂಲಕ ವಿಷ ಏರಿ, ನರಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪು ಕೆಟ್ಟು ಅದು ಬಿದ್ದುಹೋಗುತ್ತದೆ. ಅದೇ ಹುಳಕ್ಕೆ ಅದನ್ನು ತಿನ್ನಿಸಿ ನೋಡಿ, ಏನೂ ಆಗುವುದಿಲ್ಲ! ಹೊಟ್ಟೆಯ ಕಿಣ್ವಗಳು ಸರಪಳಿಯನ್ನು ಕತ್ತರಿಸಿ ಹಾಕುತ್ತವೆ. ತಿಂದರೆ ಆಹಾರ, ತುಳಿದರೆ ವಿಷ. ಉಪ್ಪಿನಕಾಯಿ ನೆಕ್ಕಿಕೊಂಡ ನಾವು ಸುಖವಾಗಿರುವುದೂ ಇದರಿಂದಲೇ ಅರ್ಥವಾಗುತ್ತದೆ.

ಇದನ್ನು ಓದಿದ ದಿನ ನನಗೆ ಸಂಭ್ರಮವೂ ಆಯಿತು, ಹಿಂದೆಯೇ ಅಳುಕೂ ಆಯಿತು. ಮಾಗಳಿ ಬೆಳೆಯುವುದು ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ. ನಮ್ಮ ಕಡೆಗೆ ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ. ಬೇರು ಅಗೆದರೆ ಬಳ್ಳಿಯ ಕಥೆ ಮುಗಿಯಿತು. ಉಪ್ಪಿನಕಾಯಿಗೆ ಅಗೆದೇ ಅದು ಅಳಿವಿನಂಚಿನ ಪಟ್ಟಿ ಸೇರಿದೆ. ಅಂಗಾಂಶ ಕೃಷಿಯಿಂದ ಸಸಿ ಮಾಡುವ ಕೆಲಸ ಅದೇ ಸಂಸ್ಥೆಯಲ್ಲಿ ನಡೆದಿದೆಯಾದರೂ, ನಾಡಿನ ಅವರೆ ಚೀಲಕ್ಕೆಲ್ಲ ಮಾಗಳಿ ಸಾರ ಹಾಕುತ್ತೇವೆ ಅಂದರೆ ಬೆಟ್ಟದಲ್ಲಿ ಬಳ್ಳಿ ಉಳಿಯುವುದಿಲ್ಲ. ರಾಜಶೇಖರ್ ಮತ್ತು ಇತರರು ಮುಂದೆ ಲಂಟಾನದ ಎಲೆಯಲ್ಲಿ ಕೌಮರಾನ್ ಎಂಬ ವಸ್ತುವನ್ನು ಕಂಡು, ಅದರ ಆವಿ ಉಗ್ರಾಣದ ಹುಳವನ್ನು ಕೊಲ್ಲುವುದನ್ನು 2014ರಲ್ಲಿ ವರದಿ ಮಾಡಿದ್ದು ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದಕ್ಕೇ. ಲಂಟಾನ ನಮ್ಮ ಗೋಮಾಳ, ಬೇಲಿ, ಕೆರೆ ಏರಿ ಎಲ್ಲವನ್ನೂ ನುಂಗಿದ ಕಳೆ. ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ. ಅದರಿಂದ ಔಷಧ ತೆಗೆದರೆ ಯಾರೂ ಅಡ್ಡಿ ಹೇಳರು. ಹಾಗೆಂದು ಲಂಟಾನದ ಸೊಪ್ಪನ್ನು ತಂದು ಕಾಳಿಗೆ ತುರುಕಬೇಡಿ, ಮೇಯ್ದ ದನವನ್ನೇ ಕಾಯಿಲೆಗೆ ಕೆಡವುವ ಗಿಡ ಅದು. ಎಲೆ ಬೇರೆ, ಎಲೆಯಿಂದ ಶುದ್ಧಿಮಾಡಿ ತೆಗೆದ ಸಾರ ಬೇರೆ.

ಇಷ್ಟೆಲ್ಲ ಪಾಡು ಯಾಕೆ, ಒಂದು ಮಾತ್ರೆ ಹಾಕಿದರೆ ಆಯಿತಲ್ಲ ಅನ್ನುವವರೂ ಇದ್ದಾರೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ, ಕಾಳಿನೊಳಗಿನ ಮರಿಯನ್ನೂ ಬಿಡುವುದಿಲ್ಲ, ನಿಜ. ದೊಡ್ಡ ಗೋದಾಮಿಗೆ, ತರಬೇತಿ ಪಡೆದವರ ಕೈಗೆ ಅದು ಸರಿ. ಕಾನೂನೂ ಅದನ್ನು ಅಂಥವರ ಕೈಗಷ್ಟೇ ಬಿಟ್ಟಿದೆ. ಪಡಸಾಲೆಯಲ್ಲಿ ಚೀಲ ಪೇರಿಸಿ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುವ ನಮ್ಮ ಮನೆಗಳಿಗೆ ಅದನ್ನು ತರುವುದೆಂದರೆ ಹುಳದ ಜೊತೆ ಮನೆಮಂದಿಯನ್ನೂ ಪಣಕ್ಕಿಟ್ಟಂತೆ. ಗೋದಾಮುಗಳಲ್ಲಿ ಹೊಡೆಯುತ್ತಿದ್ದ ಇನ್ನೊಂದು ಅನಿಲ ಮೀಥೈಲ್ ಬ್ರೋಮೈಡ್. ಓಜೋನ್ ಪದರ ಹರಿಯುತ್ತದೆಂದು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಹಂತಹಂತವಾಗಿ ಕೈಬಿಟ್ಟರು. ಫಾಸ್ಫೀನ್‌ಗೂ ಬಗ್ಗದ ಹುಳಗಳು ಜಗತ್ತಿನ ನಾನಾ ಕಡೆ ಹುಟ್ಟಿಕೊಂಡಿವೆ. ವಿಜ್ಞಾನಿಗಳು ಗಿಡದ ಕಡೆ ತಿರುಗಿರುವುದಕ್ಕೆ ಇವೂ ಕಾರಣ.

ಯಾವ ಸಾರ ಹಾಕಿದರೂ ಮೊದಲು ಬಿಸಿಲು. ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರೆ ಕಟ್ ಎಂದು ಒಡೆಯಬೇಕು. ಒತ್ತಿದಂತೆ ಆದರೆ ಇನ್ನೊಂದು ಬಿಸಿಲು ಬೇಕು. ಬಿಸಿಯಿರುವಾಗಲೇ ಚೀಲಕ್ಕೆ ತುಂಬಬಾರದು, ಒಳಗೆ ಬೆವರುತ್ತದೆ. ತಿನ್ನುವುದನ್ನೂ ಬಿತ್ತುವುದನ್ನೂ ಕಣದಲ್ಲೇ ಬೇರೆ ಮಾಡಿ, ಬಿತ್ತನೆಯ ಚೀಲಕ್ಕೆ ಬಣ್ಣದ ದಾರ ಕಟ್ಟಿ, ಮೊಮ್ಮಕ್ಕಳಿಗೂ ಗೊತ್ತಿರಲಿ. ತಿನ್ನುವ ಅವರೆ, ಅಲಸಂದೆಗೆ ಹರಳೆಣ್ಣೆ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಹೋಗುತ್ತದೆ. ಹುರಳಿ ಸಣ್ಣ ಕಾಳು, ಎಣ್ಣೆ ಸವರಿ ಕೈ ಸೋಲುತ್ತದೆ. ಅದಕ್ಕೆ ಜರಡಿ ಹಿಡಿದ ಒಲೆ ಬೂದಿಯೇ ಲೇಸು.

ಬೇವಿನ ಬೀಜಕ್ಕೆ ಮಾತ್ರ ಈಗಲೇ ಯೋಚಿಸಬೇಕು. ಕಾಳು ಮನೆಗೆ ಬರುವುದು ಪುಷ್ಯದಲ್ಲಿ, ಬೇವಿನ ಹಣ್ಣು ಉದುರುವುದು ಜ್ಯೇಷ್ಠ-ಆಷಾಢದಲ್ಲಿ. ಅಷ್ಟು ಮೊದಲೇ ಹೆಕ್ಕಿ, ನೀರಿನಲ್ಲಿ ಕಿವುಚಿ ಲೋಳೆ ತೆಗೆದು, ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ತೂಗುಹಾಕಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಬೀಜ ಕೆಲಸಕ್ಕೆ ಬಾರದು. ನಮ್ಮ ಬೀದಿಯ ಹುಡುಗರಿಗೆ ಸೇರಿಗಿಷ್ಟು ಎಂದು ದುಡ್ಡು ಹೇಳಿದ್ದೇನೆ. ಹೋದ ವಾರದಿಂದ ದೇವಸ್ಥಾನದ ಮರದ ಕೆಳಗೆ ಅವರದೇ ಜಗಳ.